ದಾರಿ ತೋರಿಸುವ ಬಗೆಗಳು
(ಗ್ರಾಮ ಮುಖಂಡರ ಶಿಬಿರದಲ್ಲಿ ಮಾಡಿದ ಭಾಷಣ)



ಊರಿನಲ್ಲಿ ಮುಖಂಡರು ಯಾರೆಂದು ಕೇಳಿದರೆ ನೀವು ಕೂಡಲೇ ಪಂಚಾಯತಿ ಅಧ್ಯಕ್ಷರನ್ನೋ ಗೌಡರನ್ನೋ ತೋರಿಸುತ್ತೀರಿ. ಆದರೆ ಈ ಸಲ ಯಾವ ಬೀಜ ಬಿತ್ತಬೇಕೆಂದು ನೀವು ಕೇಳಿದ್ದು ಯಾರನ್ನು? ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯಿರೆಂದು ಹೇಳಿದವರು ಯಾರು? ಪಕ್ಕದ ಹೊಲದ ರೈತ, ನೆರೆಮನೆಯ ಅಜ್ಜಿ. ಅವರೂ ನಿಮ್ಮನ್ನು ನಡೆಸಿದವರೇ. ಆದುದರಿಂದ ದಾರಿ ತೋರಿಸುವ ಬಗೆಗಳು ಯಾವುವು, ಯಾವುದರಿಂದ ಊರಿಗೆ ಹಿತ ಎಂಬುದು ನಾವೆಲ್ಲರೂ ಯೋಚಿಸತಕ್ಕ ವಿಷಯ.

ಮೊದಲನೆಯದು ಅಪ್ಪಣೆ ಮಾಡುವುದು. ವಾಂತಿಭೇದಿ ಹರಡಿದಾಗ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಲು ಅಪ್ಪಣೆಯೇ ಬೇಕು, ಚರ್ಚೆಗೆ ಹೊತ್ತಿಲ್ಲ. ಆದರೆ ಮೇಲಿನವರು ಬರುತ್ತಾರೆಂದು ತೋಡಿದ ಗೊಬ್ಬರದ ಗುಂಡಿ, ಅವರ ಜೀಪು ಊರು ದಾಟಿದ ಮೇಲೆ ಬರಿದಾಗಿಯೇ ಉಳಿಯುತ್ತದೆ.

ಎರಡನೆಯದು ಮಾಡಿ ತೋರಿಸುವುದು. ಅಮೆರಿಕದಲ್ಲಿ ಸೀಮನ್ ನ್ಯಾಪ್ ಎಂಬ ಬೇಸಾಯ ತಜ್ಞರಿದ್ದರು. ಸರ್ಕಾರಿ ಹೊಲದಲ್ಲಿ ಎಷ್ಟು ಚೆನ್ನಾಗಿ ಬೆಳೆದು ತೋರಿಸಿದರೂ ರೈತರು ಅದನ್ನು ಅನುಸರಿಸಲಿಲ್ಲ. 1903ರಲ್ಲಿ ಅವರು ಟೆಕ್ಸಾಸಿನ ಟೆರೆಲ್ ಊರಿನ ಬಳಿ ಪೋರ್ಟರ್ ಎಂಬ ರೈತನ ಸ್ವಂತ ಹೊಲದಲ್ಲಿ, ಅವನ ಕೈಯಿಂದಲೇ ಹೊಸ ಕ್ರಮದ ಬೇಸಾಯ ಮಾಡಿಸಿದರು. ನಷ್ಟವಾದರೆ ತುಂಬಿಕೊಡುತ್ತೇವೆಂದು ಊರಿನ ವ್ಯಾಪಾರಿಗಳು ಹಣ ಕೂಡಿಸಿಟ್ಟರು. ನಷ್ಟವಾಗಲಿಲ್ಲ, ಲಾಭವೇ ಬಂತು. ಸುತ್ತಲಿನವರು ನಂಬಿದರು. ತಮ್ಮಂಥವನೇ ಒಬ್ಬ ಮಾಡಿದ್ದನ್ನು ಕಂಡರೆ ರೈತನಿಗೆ ಧೈರ್ಯ ಬರುತ್ತದೆ.

ಮೂರನೆಯದು ಮನಸ್ಸನ್ನು ಕೇಳಿಕೊಳ್ಳುವುದು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಮಿಯಿಲ್ಲದವರು ವಿನೋಬಾ ಅವರ ಬಳಿ 80 ಎಕರೆ ಕೇಳಿದರು. ವಿನೋಬಾ ಊರವರನ್ನು ಕೇಳಿದರು. ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಟ್ಟರು. ಭೂದಾನ ಹುಟ್ಟಿದ್ದು ಹೀಗೆ. ಆದರೆ ಮುಂದೆ ದಾನವಾಗಿ ಬಂದ ಎಷ್ಟೋ ಭೂಮಿ ಹಂಚಿಕೆಯಾಗದೆ ಉಳಿಯಿತು. ಕೆಲವು ಸಾಗುವಳಿಗೇ ಬಾರದ ನೆಲ. ಮನಸ್ಸು ಕರಗಿದ ಮೇಲೆ ಅಳತೆ, ಹಂಚಿಕೆ, ಕಾಗದಪತ್ರದ ಕೆಲಸವೂ ನಡೆಯಬೇಕು.

ನಾಲ್ಕನೆಯದು ಕೂಡಿ ಕಟ್ಟುವುದು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರ ಸಂಘ ಕಟ್ಟಿದರು. ಸಾಲಕ್ಕಾಗಿ ಸಾಹುಕಾರರ ಬಾಗಿಲಿಗೆ ಹೋಗುತ್ತಿದ್ದ ರೈತ ತನ್ನ ಸಂಘಕ್ಕೇ ಹೋಗುವಂತಾಯಿತು. ಮುಖಂಡರು ಶಾಶ್ವತರಲ್ಲ, ಲೆಕ್ಕ ಸರಿಯಾಗಿಟ್ಟ ಸಂಘ ಅವರ ನಂತರವೂ ನಡೆಯುತ್ತದೆ.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು: ತನ್ನ ಕೈಲಿರುವ ಅಧಿಕಾರವನ್ನು ಜನರ ಕೈಗೆ ಬಿಡುವುದು. ಹಳ್ಳಿಗಳಿಗೆ ಕೊಳವೆ ಬಾವಿ ಕೊಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಗಳಾಗಿದ್ದಾಗ 1983ರ ಪಂಚಾಯತಿ ಕಾನೂನು ಬಂತು. 1987ರ ಚುನಾವಣೆಯಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಯಿತು. ಮುಂದೆ 1993ರಲ್ಲಿ ಈಗಿನ ಕಾನೂನು ಬಂತು. ಅದರಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು.

ಈಗ ನಿಮ್ಮನ್ನೇ ಕೇಳುತ್ತೇನೆ. ಹಿಂದಿನ ಗ್ರಾಮಸಭೆಗೆ ನೀವು ಹೋಗಿದ್ದಿರಾ? ಅಥವಾ ಪುಸ್ತಕ ಮನೆಗೆ ಬಂದಾಗ ಸಹಿ ಹಾಕಿ ಕಳುಹಿಸಿದಿರಾ? ಮನೆ ಯಾರಿಗೆ, ಚರಂಡಿ ಯಾವ ಬೀದಿಗೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಕೂತು ಕೇಳಬೇಕಾದ ಬಡವ ಬರದಿದ್ದರೆ, ಬಂದ ನಾಲ್ಕು ಜನರೇ ಊರನ್ನು ತಮಗೆ ಬೇಕಾದ ಕಡೆಗೆ ತಿರುಗಿಸುತ್ತಾರೆ. ಆಮೇಲೆ ಕಟ್ಟೆಯ ಮೇಲೆ ಕೂತು ಬೈದರೆ ಪ್ರಯೋಜನವಿಲ್ಲ.

ಯಾರೇ ದಾರಿ ತೋರಿಸಲು ಬರಲಿ, ಮೂರು ಮಾತು ಕೇಳಿರಿ. ತಾನು ಹೇಳಿದ್ದನ್ನು ತಾನು ಮಾಡಿದ್ದಾನೆಯೇ? ಲೆಕ್ಕ ಕೇಳಿದರೆ ಮುಖ ಗಂಟಿಕ್ಕದೆ ತೋರಿಸುತ್ತಾನೆಯೇ? ನಾಳೆ ಅವನಿಲ್ಲದಿದ್ದರೂ ಕೆಲಸ ನಡೆಯುತ್ತದೆಯೇ? ಮೊಬೈಲಿನಲ್ಲಿ ಹರಿದು ಬರುವ ಮಾತಿಗೂ ಇದೇ ಒರೆಗಲ್ಲು ಹಿಡಿಯಿರಿ.

ಮುಂದಿನ ಗ್ರಾಮಸಭೆಗೆ ಒಬ್ಬರೇ ಹೋಗಬೇಡಿ. ಎಂದೂ ಬಾರದ ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಅಂದಿನಿಂದ ನೀವೂ ಒಬ್ಬ ಮುಖಂಡರೇ.