ಸಾಲಮಾಂಕಾದಿಂದ ಬಂದ ಪ್ರಶ್ನೆ

ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ಹುಡುಗನೊಬ್ಬ, ಬಿ.ಎ. ತರಗತಿಯಲ್ಲಿ ನನ್ನ ಶಿಷ್ಯ, ಸ್ಪೇನ್ ದೇಶದ ಸಾಲಮಾಂಕಾದಲ್ಲಿ ಸ್ಪ್ಯಾನಿಷ್ ಓದುತ್ತಿದ್ದಾನೆ. ಅವನ ಮೊದಲ ಪತ್ರಗಳ ತುಂಬ ಊಟದ ದೂರುಗಳೇ: ಮಧ್ಯಾಹ್ನದ್ದು ಎರಡು ಗಂಟೆ ದಾಟಿದ ಮೇಲೆ, ರಾತ್ರಿಯದು ಒಂಬತ್ತರ ಮೇಲೆ, ಮುದ್ದೆಯ ಮಾತಂತೂ ದೂರ. ಈಚಿನ ಪತ್ರ ಬೇರೆ ಬಗೆಯದು.

ಅಲ್ಲಿಯ ವಿಶ್ವವಿದ್ಯಾಲಯ 1218ರಷ್ಟು ಹಳೆಯದು. ಅಲ್ಲಿ ಪಾಠ ಹೇಳಿದ ನೆಬ್ರಿಹಾ ಎಂಬ ವಿದ್ವಾಂಸನು 1492ರಲ್ಲಿ ತನ್ನ ನುಡಿಗೆ ವ್ಯಾಕರಣ ಬರೆದು, ರಾಣಿ ಇಸಬೆಲ್ಲಳಿಗೆ ಅರ್ಪಿಸಿದನು. ಈ ಪಾಠ ಮುಗಿಸಿದ ಅಧ್ಯಾಪಕಿ ನಮ್ಮ ಹುಡುಗನನ್ನು ಕೇಳಿದರಂತೆ: "ನಿಮ್ಮ ಭಾಷೆಗೆ ವ್ಯಾಕರಣ ಬರೆದವರು ಯಾರು? ಯಾವಾಗ?" ಅವನು ತಡವರಿಸಿ, "ಯಾರೋ ಪಾದ್ರಿಗಳಿರಬೇಕು" ಎಂದನಂತೆ.

ಅವನಿಗೆ ಕೇಶಿರಾಜನನ್ನು ಪಾಠ ಮಾಡಿದವನು ನಾನೇ. ಸಂಧಿ ಸಮಾಸಗಳನ್ನು ಬಾಯಿಪಾಠ ಮಾಡಿಸಿದೆ. ಪರೀಕ್ಷೆಗೆಂದು ಟಿಪ್ಪಣಿ ಬರೆಸಿದೆ. 'ಶಬ್ದಮಣಿದರ್ಪಣ' ಸುಮಾರು 1260ರದು, ನೆಬ್ರಿಹಾನಿಗಿಂತ ಇನ್ನೂರು ವರ್ಷಕ್ಕೂ ಹಿಂದಿನದು. ಅದಕ್ಕೂ ಹಿಂದೆ ನಾಗವರ್ಮನಿದ್ದಾನೆ. ಇಷ್ಟನ್ನು ಹೇಳಿದ್ದೆನೇನೋ. ಆದರೆ ಆ ಹುಡುಗ ಆಡಿ ಬೆಳೆದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವೂ ಆ ಗ್ರಂಥವೂ ಒಂದೇ ಕಾಲದವು. ಗುಡಿ ಎದ್ದದ್ದು ಹೊಯ್ಸಳ ಸೋಮೇಶ್ವರನ ಆಳ್ವಿಕೆಯಲ್ಲಿ. ಕೇಶಿರಾಜನ ತಂದೆ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದ್ದೂ ಅದೇ ದೊರೆಯ ಆಶ್ರಯದಲ್ಲಿ. ಇದನ್ನು ನಾನು ಒಂದು ದಿನವೂ ಹೇಳಲಿಲ್ಲ. ಪೇಟೆಗೆ ಅಷ್ಟು ಹತ್ತಿರದ ಊರು. ತರಗತಿಯನ್ನೇ ಅಲ್ಲಿಗೆ ಕರೆದೊಯ್ಯಬಹುದಾಗಿತ್ತು.

ನಿನ್ನೆ ಉತ್ತರ ಬರೆದೆ. ಗುಡಿಯ ಹೊರಗೋಡೆಯ ರಾಮಾಯಣದ ಶಿಲ್ಪಸಾಲಿನ ಚಿತ್ರವೊಂದನ್ನು ಜೊತೆಗಿಟ್ಟು, ಬೆನ್ನಿಗೆ ಕೇಶಿರಾಜನ ಹೆಸರನ್ನೂ ಕಾಲವನ್ನೂ ಬರೆದಿದ್ದೇನೆ. ಅಧ್ಯಾಪಕಿಗೆ ತೋರಿಸುವಂತೆ ಹೇಳಿದ್ದೇನೆ.