ನಮ್ಮ ಮ್ಯಾಳ ಮತ್ತೆ ಕೂತಿತು!

(ಕಕ್ಕೇರಾದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತು)



ಬ್ಯಾಂಡು ಅಂದರೆ ನಮ್ಮ ಕಡೆ ಮದುವೆ ಮೆರವಣಿಗೆಯ ಬಾಜಾ. ಬೆಂಗಳೂರಿನ ಕಾಲೇಜು ಹುಡುಗರಿಗೆ ಬ್ಯಾಂಡು ಅಂದರೆ ಬೇರೆ. ನಾಲ್ಕೈದು ಗೆಳೆಯರು, ಗಿಟಾರು, ಡ್ರಮ್ಮು, ಸಿನಿಮಾದವರ ಹಂಗಿಲ್ಲದ ಹಾಡು. ಹಾಗಾದರೆ ನಾನು ಕೇಳುತ್ತೇನೆ: ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ ಹಿಡಿದು, ಯಾವ ಕಂಪನಿಯ ಹಂಗೂ ಇಲ್ಲದೆ, ಅಮಾವಾಸ್ಯೆಯ ರಾತ್ರಿ ಬೆಳತನಕ ಹಾಡುವ ನಮ್ಮೂರ ಭಜನಿ ಮ್ಯಾಳ ಏನು? ಅದು ಬ್ಯಾಂಡ್ ಅಲ್ಲವೇ?

ಆ ಮ್ಯಾಳ 2020ರ ಕೊರೊನಾದಲ್ಲಿ ನಿಂತಿತು. ಆಮೇಲೆ ತಬಲಾ ಬಾರಿಸುವ ಹುಡುಗ ಬೆಂಗಳೂರಿಗೆ ಗುಳೆ ಹೋದ, ಕಟ್ಟಡದ ಕೆಲಸಕ್ಕೆ. ತಾಳದವನು ಪುಣೆಗೆ. ತಬಲಾ ಇಲ್ಲದ ಮೇಲೆ ಮ್ಯಾಳ ಎಲ್ಲಿಯದು? ಮೊನ್ನೆ ದೀಪಾವಳಿ ಅಮಾವಾಸ್ಯೆಗೆ ಇಬ್ಬರೂ ಊರಿಗೆ ಬಂದಿದ್ದರು. ಮ್ಯಾಳ ಮತ್ತೆ ಕೂತಿತು. ನಾನು ಹೋದೆ, ಬೆಳತನಕ ಕೂತೆ.

ಸುಳ್ಳು ಹೊಗಳುವುದಿಲ್ಲ. ಮೊದಲ ಎರಡು ಪದ ಕುಂಟಿದವು. ಮುಂದೆ ಕೂತು ಹಾಡುವ ಅಜ್ಜನ ದನಿ ಮೊದಲಿನಂತಿಲ್ಲ. ಹಾರ್ಮೋನಿಯಂನ ಒಂದು ಮನೆ ಮಾತೇ ಆಡುವುದಿಲ್ಲ. ಆದರೆ ಮೂರನೆಯ ಪದಕ್ಕೆ ತಬಲಾ ಮತ್ತು ತಾಳ ಒಂದಾದವು ನೋಡಿ! ಹಿಂದೆ ಕೂತಿದ್ದ ಹೆಣ್ಣುಮಕ್ಕಳು ಯಾರೂ ಹೇಳದೆ ಸೊಲ್ಲು ಎತ್ತಿದರು. ಐದಾರು ವರ್ಷ ಕೇಳದಿದ್ದರೂ ಒಂದು ಅಕ್ಷರ ತಪ್ಪಲಿಲ್ಲ. ಅಜ್ಜ ಹಾಡು ನಿಲ್ಲಿಸಿ ಬರೀ ತಲೆ ಆಡಿಸುತ್ತಾ ಕೇಳುತ್ತಿದ್ದ.

ಈ ಪದಗಳು ಎಲ್ಲಿಂದ ಬಂದವು? ಕಡಕೋಳದ ಮಡಿವಾಳಪ್ಪನಿಂದ, ಆತನ ಶಿಷ್ಯರಾದ ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಬರಿಂದ. ಗುರು ಮಠದವನು, ಶಿಷ್ಯ ಮುಸಲ್ಮಾನ, ಹಾಡು ಕನ್ನಡ! ನಮ್ಮ ಪಕ್ಕದ ತಿಂಥಣಿಯ ಮೌನೇಶ್ವರನ ಜಾತ್ರೆಗೆ ಇಂದಿಗೂ ಎರಡೂ ಧರ್ಮದವರು ನಡೆಯುತ್ತಾರೆ. ಇದೇ ನಮ್ಮ ನೆಲದ ಗುಣ. 1948ರವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು. ಕಚೇರಿ ಉರ್ದು, ಶಾಲೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು. ಆಗ ಓದು ಬರಹ ಬಾರದ ನಮ್ಮ ಅಜ್ಜಂದಿರ ಬಾಯಲ್ಲಿ ಕನ್ನಡ ಕಾವ್ಯ ಉಳಿದದ್ದು ಹೇಗೆ? ಭಜನಿ ಮನೆಯಲ್ಲಿ! ಹೋರಾಟದ ಚರಿತ್ರೆ ಬರೆಯುವವರು ಈ ತಬಲಾ, ದಮ್ಮಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಬೆಂಗಳೂರಿನ ಮಾತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಎಂಬ ಹಾಡುಗಾರ ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಹಾಕಿದರು. ಮೊದಮೊದಲು ಯಾವ ಕ್ಯಾಸೆಟ್ ಕಂಪನಿಯೂ ಕೈ ಹಿಡಿಯಲಿಲ್ಲ. 2008ರಲ್ಲಿ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಆ ಹಾಡುಗಳನ್ನು ಹೊರತಂದರು. 2010ರಲ್ಲಿ ಆ ಬ್ಯಾಂಡು ಇಂಗ್ಲೆಂಡಿನ ಬಿಬಿಸಿ ಟೀವಿಯಲ್ಲಿ ಹಾಡಿತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಹತ್ತುವ ಗಂಡು ಅದು! ಷರೀಫರ ಪದಕ್ಕೆ ಗಿಟಾರು ಯಾಕೆ ಅಂತ ಗೊಣಗುವವರಿದ್ದಾರೆ. ನನಗೆ ಆ ತಕರಾರಿಲ್ಲ. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಯುರೋಪಿನಿಂದ ಬಂದದ್ದೇ.

ನಮ್ಮ ತಬಲಾದ ಹುಡುಗ ಆ ಬ್ಯಾಂಡನ್ನು ಬೆಂಗಳೂರಿನಲ್ಲಿ ಕೇಳಿದನಂತೆ. ಸಾವಿರಾರು ಜನ ನಿಂತು ಷರೀಫರ ಪದಕ್ಕೆ ಕುಣಿಯುವುದನ್ನು ನೋಡಿ, "ಅಣ್ಣಾ, ಇದು ನಮ್ಮ ಅಜ್ಜ ಹಾಡೋ ಧಾಟೀನೇ ಐತಲ್ಲ! ಇಲ್ಲಿ ಟಿಕೇಟು ತಗೊಂಡು ಕೇಳ್ತಾರ, ನಮ್ಮೂರಾಗ ಪುಕ್ಕಟೆ ಅಂದ್ರೂ ಯಾರೂ ಬರಂಗಿಲ್ಲ" ಅಂದ. ಇದಕ್ಕೆ ನಾನೇನು ಉತ್ತರ ಕೊಡಲಿ? ನೀವು ಕೊಡಿ!

ಒಂದು ಊರಿನ ಜಾತ್ರೆಯಲ್ಲಿ ನಾನೇ ಕಂಡದ್ದು: ಡಿಜೆಗೆ ಸಾವಿರಗಟ್ಟಲೆ ರೊಕ್ಕ, ಹಿಂದಿ ತೆಲುಗು ಹಾಡಿನ ಅಬ್ಬರ. ಮ್ಯಾಳಕ್ಕೆ ಸಿಕ್ಕಿದ್ದು ನಡುರಾತ್ರಿ ಅರ್ಧ ತಾಸು, ಒಂದು ಶಾಲು, ಒಂದು ತೆಂಗಿನಕಾಯಿ. ಬಸ್ಸಿನ ಖರ್ಚು ಸಹ ಅವರದ್ದೇ. ಹಿಂದಿ ಹಾಡಿನ ಮೇಲೆ ನನಗೆ ಸಿಟ್ಟಿಲ್ಲ, ತೆಲುಗಿನ ಮೇಲೂ ಇಲ್ಲ. ಆದರೆ ಕನ್ನಡ ಬಾವುಟ ಕಟ್ಟಿದ ವೇದಿಕೆಯ ಮೇಲೆಯೇ ಕನ್ನಡ ಪದ ಹಾಡುವವನು ಸರದಿಗೆ ಕಾಯುತ್ತಾ ತೂಕಡಿಸಬೇಕೇ? ರಾಜ್ಯೋತ್ಸವ ಮಾಡುವ ನಮ್ಮ ಸಂಘಟನೆಗಳೂ ಹೊರಗಿನ ಆರ್ಕೆಸ್ಟ್ರಾ ಕರೆಸುತ್ತವೆ. ನಮ್ಮವರೇ ಅಂತ ನಾನು ಸುಮ್ಮನಿರಲಾರೆ.

ಬೇಡಿಕೆ ದೊಡ್ಡದಲ್ಲ. ಮುಂದಿನ ರಾಜ್ಯೋತ್ಸವದಲ್ಲಿ ಸಂಜೆ ಏಳಕ್ಕೆ, ಜನ ತುಂಬಿರುವಾಗ ಮೊದಲು ಮ್ಯಾಳ ಕೂಡಲಿ. ಆರ್ಕೆಸ್ಟ್ರಾಕ್ಕೆ ಕೊಡುವುದರಲ್ಲಿ ಅರ್ಧವನ್ನಾದರೂ ಮ್ಯಾಳಕ್ಕೆ ಕೊಡಿ. ನಾಲ್ಕು ದಿನ ಕೂಲಿ ಬಿಟ್ಟು ಬರುವವನಿಗೆ ಶಾಲು ಹೊಟ್ಟೆ ತುಂಬಿಸುವುದಿಲ್ಲ. ಮೊಬೈಲ್ ಇರುವ ಹುಡುಗರು ಅಜ್ಜನ ಪದಗಳನ್ನು ಪೂರ್ತಿ ಹಿಡಿದಿಡಿ. ಎಷ್ಟೋ ಪದ ಯಾವ ಪುಸ್ತಕದಲ್ಲೂ ಇಲ್ಲ, ಆತನ ಬಾಯಲ್ಲಷ್ಟೇ ಇವೆ.

ತಬಲಾದವನು ಎಳ್ಳಮಾಸಿ ಮುಗಿಸಿ ಬೆಂಗಳೂರಿಗೆ ಹೊರಡುತ್ತಾನೆ. ಅಷ್ಟರಲ್ಲಿ ಇನ್ನೆರಡು ಅಮಾವಾಸ್ಯೆ ಇವೆ, ಛಟ್ಟಿ ಅಮಾವಾಸ್ಯೆ ಮತ್ತು ಎಳ್ಳಮಾಸಿ. ರಾತ್ರಿ ಒಂಬತ್ತಕ್ಕೆ ಶುರು. ಚಳಿ ಇರುತ್ತದೆ, ಕಂಬಳಿ ತನ್ನಿ, ಮಕ್ಕಳನ್ನು ಕರೆತನ್ನಿ. ಹಾರ್ಮೋನಿಯಂ ರಿಪೇರಿಗೆ ಇಲ್ಲಿ ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿದ್ದೇವೆ.