ಮಗುವನ್ನು ನಾವು ಎಲ್ಲಿ ನಿಲ್ಲಿಸಿದ್ದೇವೆ?

(ಏಪ್ರಿಲ್ 7 – ಶಿಕ್ಷಕರ ಪಾಲಕ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರ ಹಬ್ಬ. ಶಿಕ್ಷಕರಿಗಾಗಿ ಅರ್ಪಿಸಿದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)

ಶುಭಸಂದೇಶ: ಮತ್ತಾಯ 18:1-5



ಶಿಷ್ಯರು ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಯೇಸುಸ್ವಾಮಿಯ ಬಳಿಗೆ ಬಂದರು. ಸ್ವರ್ಗಸಾಮ್ರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂಬುದೇ ಆ ಪ್ರಶ್ನೆ. ನಮ್ಮ ಶಾಲೆಗಳಲ್ಲಿ ನಾವು ವರ್ಷವಿಡೀ ಕೇಳುವುದೂ ಇದನ್ನೇ ಅಲ್ಲವೇ? ಮೊದಲ ರ‍್ಯಾಂಕು ಯಾರಿಗೆ? ನೂರಕ್ಕೆ ನೂರು ಫಲಿತಾಂಶ ಯಾವ ಶಾಲೆಗೆ? ಗೇಟಿನ ಬಳಿ ಕಟ್ಟುವ ಬ್ಯಾನರಿನಲ್ಲಿ ಯಾರ ಫೋಟೊ?

ಯೇಸುಸ್ವಾಮಿ ಆ ಪ್ರಶ್ನೆಗೆ ಉಪದೇಶದಿಂದ ಉತ್ತರ ಆರಂಭಿಸಲಿಲ್ಲ. ಮೊದಲು ಒಂದು ಮಗುವನ್ನು ಹತ್ತಿರಕ್ಕೆ ಕರೆದರು. ಅದನ್ನು ಎಲ್ಲರ ನಡುವೆ ನಿಲ್ಲಿಸಿದರು. ಆಮೇಲೆ ಮಾತನಾಡಿದರು. ಆ ಮಗುವಿನ ಹೆಸರನ್ನು ಸಂತ ಮತ್ತಾಯನು ಬರೆದಿಲ್ಲ. ಅದು ಜಾಣ ಮಗುವೋ, ಪಾಠದಲ್ಲಿ ಹಿಂದೆ ಬಿದ್ದ ಮಗುವೋ, ಯಾರ ಮನೆಯದೋ ಒಂದನ್ನೂ ಹೇಳಿಲ್ಲ. ಮಗು ಎಂಬುದೊಂದೇ ಅದಕ್ಕಿದ್ದ ಅರ್ಹತೆ. ಅದಷ್ಟೇ ಸಾಕಾಯಿತು.

ಪ್ರಿಯರೇ, ಶಿಕ್ಷಣದ ನೀತಿಯ ಬಗ್ಗೆ ದೊಡ್ಡ ದೊಡ್ಡ ಪುಸ್ತಕಗಳಿವೆ. ಅವೆಲ್ಲವನ್ನೂ ಒಂದೇ ಪ್ರಶ್ನೆಗೆ ಇಳಿಸಬಹುದೆಂದು ನನಗೆ ತೋರುತ್ತದೆ: ಮಗುವನ್ನು ನಾವು ಎಲ್ಲಿ ನಿಲ್ಲಿಸಿದ್ದೇವೆ? ನಡುವೆಯೋ, ಬಾಗಿಲ ಹೊರಗೋ?

ಇಂದು ನಾವು ಸ್ಮರಿಸುವ ಸಂತರ ಹಬ್ಬ ತಪಸ್ಸುಕಾಲದಲ್ಲೋ ಪಾಸ್ಕ ಕಾಲದಲ್ಲೋ ಬರುವುದರಿಂದ ಅನೇಕ ವರ್ಷ ನಮ್ಮ ಗಮನಕ್ಕೇ ಬಾರದೆ ಕಳೆದುಹೋಗುತ್ತದೆ. ಅವರು ತೀರಿಕೊಂಡದ್ದೂ 1719ರ ಏಪ್ರಿಲ್ 7ರ ಶುಭ ಶುಕ್ರವಾರದಂದು. 1900ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರನ್ನು ಸಂತ ಪದವಿಗೇರಿಸಿದರು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರನ್ನು ಎಲ್ಲ ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು.

ಆದರೆ ಈ ಸಂತರು ಶಿಕ್ಷಕರ ಮೇಲಿನ ಪ್ರೀತಿಯಿಂದ ಬದುಕು ಆರಂಭಿಸಿದವರಲ್ಲ. ಫ್ರಾನ್ಸಿನ ರಾನ್ಸ್ ನಗರದಲ್ಲಿ 1651ರಲ್ಲಿ ಸಿರಿವಂತ ಮನೆತನದ ಹಿರಿಯ ಮಗನಾಗಿ ಹುಟ್ಟಿದರು. ಹದಿನಾರು ತುಂಬುವ ಮೊದಲೇ ಅಲ್ಲಿನ ಪ್ರಧಾನಾಲಯದ ಕ್ಯಾನನ್ ಹುದ್ದೆ ಅವರಿಗೆ ದೊರೆಯಿತು. ಅದು ಗೌರವವೂ ಆದಾಯವೂ ಇದ್ದ ಸ್ಥಾನ. 1678ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಏಡ್ರಿಯನ್ ನಿಯೆಲ್ ಎಂಬುವವರು ಬಡ ಹುಡುಗರಿಗಾಗಿ ಶಾಲೆ ತೆರೆಯಲು ರಾನ್ಸಿಗೆ ಬಂದಾಗ, ಕೇಳಿದ ಸಹಾಯವನ್ನು ಮಾಡಿಕೊಟ್ಟರು. ಅಷ್ಟಕ್ಕೇ ಮುಗಿಯಿತೆಂದುಕೊಂಡಿದ್ದರು. ಏಕೆಂದರೆ ಆ ಕಾಲದ ಬಡ ಶಾಲೆಗಳ ಮೇಷ್ಟರುಗಳು ಸರಿಯಾದ ತರಬೇತಿ ಇಲ್ಲದವರು, ಹೊಟ್ಟೆಪಾಡಿಗಾಗಿ ಬಂದವರು. ಮೊದಮೊದಲು ಅವರನ್ನು ನನ್ನ ಮನೆಯ ಆಳಿಗಿಂತಲೂ ಕೆಳಗಿನವರೆಂದು ಎಣಿಸಿದ್ದೆ ಎಂದು ಲಾ ಸಾಲ್ ಅವರೇ ಮುಂದೆ ಒಪ್ಪಿಕೊಂಡರು.

ದೇವರು ಅವರನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿದರು. ಮೇಷ್ಟರುಗಳನ್ನು ಮನೆಗೆ ಊಟಕ್ಕೆ ಕರೆದರು. 1681ರಲ್ಲಿ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಬಂಧುಗಳು ಸಿಟ್ಟಾದರು. ಮರುವರ್ಷ ಮನೆಯನ್ನೇ ಬಿಟ್ಟು ಅವರೊಡನೆ ಬಾಡಿಗೆ ಮನೆಗೆ ಹೋದರು. ಅಲ್ಲಿ ಮೇಷ್ಟರುಗಳು ನಾಳೆಯ ಬದುಕು ಹೇಗೋ ಎಂದು ಚಿಂತಿಸಿದಾಗ ಇವರು ದೇವರ ಪರಿಪಾಲನೆಯಲ್ಲಿ ಭರವಸೆ ಇಡಿರೆಂದು ಬೋಧಿಸಿದರು. ಮೇಷ್ಟರುಗಳು ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟರು: ನಿಮಗೆ ಆಸ್ತಿ ಇದೆ, ಹುದ್ದೆ ಇದೆ, ಶಾಲೆ ಮುಚ್ಚಿದರೆ ನಿಮಗೇನೂ ಆಗದು, ಬೀದಿಗೆ ಬೀಳುವವರು ನಾವು. ಆ ಮಾತಿನ ಸಾರ ಇದು.

ಆ ಮಾತು ನಿಜವೆಂದು ಲಾ ಸಾಲ್ ಅವರಿಗೆ ತಿಳಿಯಿತು. 1683ರಲ್ಲಿ ಕ್ಯಾನನ್ ಹುದ್ದೆಯನ್ನು ಬಿಟ್ಟುಕೊಟ್ಟರು, ಅದೂ ಸ್ವಂತ ತಮ್ಮನಿಗಲ್ಲ, ಒಬ್ಬ ಬಡ ಗುರುವಿಗೆ. ಮರುವರ್ಷ ಕ್ಷಾಮ ಬಂದಾಗ ತಮ್ಮ ಆಸ್ತಿಯನ್ನು ಹಸಿದವರಿಗೆ ರೊಟ್ಟಿಯಾಗಿ ಹಂಚಿದರು. ಆಮೇಲೆ ಮೇಷ್ಟರುಗಳ ಮುಂದೆ ಭರವಸೆಯ ಬಗ್ಗೆ ಮಾತನಾಡುವ ಹಕ್ಕು ಅವರಿಗೆ ಬಂತು. ಶಿಕ್ಷಕರಿಗೆ ನೀತಿ ಹೇಳುವವನು ಮೊದಲು ತನ್ನ ಕೈಯನ್ನು ನೋಡಿಕೊಳ್ಳಬೇಕು ಎಂಬ ಪಾಠವನ್ನು ಅವರು ಶಿಕ್ಷಕರಿಂದಲೇ ಕಲಿತರು.

ಈ ಪಾಠವನ್ನು ಕಲಿಯಲು ನನಗೆ ಬಹಳ ತಡವಾಯಿತು. ಅದನ್ನು ಹೇಳದೆ ಇಂದು ನಿಮಗೆ ಬೋಧಿಸುವುದು ಸರಿಯಲ್ಲ.

ಹಲವು ವರ್ಷಗಳ ಹಿಂದೆ, ಮಲೆನಾಡಿನ ಕಡೆಯ ಒಂದು ಪ್ರೌಢಶಾಲೆಗೆ ನಾನು ಸಂಚಾಲಕನಾಗಿದ್ದೆ. ಹೊಸ ಕಟ್ಟಡದ ಸಾಲ ತಲೆಯ ಮೇಲಿತ್ತು. ಶುಲ್ಕದ ಬಾಕಿ ಕಟ್ಟುವವರೆಗೆ ಹತ್ತನೆಯ ತರಗತಿಯವರಿಗೆ ಹಾಲ್ ಟಿಕೆಟ್ ಕೊಡಬೇಡಿ ಎಂದು ಗುಮಾಸ್ತರಿಗೆ ಹೇಳಿದ್ದೆ. ಒಬ್ಬ ಹುಡುಗ ಬೆಳಗ್ಗೆಯಿಂದ ಕಛೇರಿಯ ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ ಕಾಫಿ ತೋಟದ ಆಳು. "ಫಾದರ್, ಶನಿವಾರ ಬಟವಾಡೆ ಆದ್ಮೇಲೆ ಅಮ್ಮ ಕಟ್ತಾರಂತೆ" ಎಂದ. ಶನಿವಾರವೇ ಬಾ ಎಂದೆ. ಅವನು ಹೋಗಲಿಲ್ಲ. ಅಲ್ಲೇ ನಿಂತ. ನಾನು ಎರಡು ಸಲ ಅವನನ್ನು ದಾಟಿಕೊಂಡು ಒಳಗೆ ಹೊರಗೆ ಓಡಾಡಿದೆ.

ಮಧ್ಯಾಹ್ನ ಕನ್ನಡ ಟೀಚರ್ ಒಳಗೆ ಬಂದರು. ಅನುದಾನವಿಲ್ಲದ ಹುದ್ದೆಯಲ್ಲಿದ್ದವರು. ಕಟ್ಟಡದ ಕಾರಣ ಹೇಳಿ ಅವರ ಎರಡು ತಿಂಗಳ ಸಂಬಳವನ್ನು ನಾನು ಬಾಕಿ ಇಟ್ಟಿದ್ದೆ. "ಫಾದರ್, ಅವನ ನಾಲ್ಕುನೂರು ರೂಪಾಯಿಯನ್ನು ನನ್ನ ಬಾಕಿ ಸಂಬಳದಲ್ಲಿ ಮುರ್ಕೊಳ್ಳಿ. ರಸೀದಿ ಮಾತ್ರ ಅವನ ಹೆಸರಿಗೇ ಬರೀರಿ" ಎಂದರು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಹೇಳಿ ತರಗತಿಗೆ ಹೋದರು.

ಗೋಡೆಯ ಮೇಲೆ ಮಕ್ಕಳನ್ನು ಬಳಿಗೆ ಕರೆಯುವ ಯೇಸುಸ್ವಾಮಿಯ ಚಿತ್ರವಿತ್ತು. ಅದರ ಕೆಳಗೆ ಕುಳಿತು ಮಗುವನ್ನು ಬಾಗಿಲಲ್ಲಿ ನಿಲ್ಲಿಸಿದವನು ನಾನು. ಅವನನ್ನು ನಡುವೆ ತಂದು ನಿಲ್ಲಿಸಿದವರು, ನಾನೇ ಹೊರಗೆ ನಿಲ್ಲಿಸಿದ್ದ ಆ ಟೀಚರ್. ಹುಡುಗ ಪರೀಕ್ಷೆ ಬರೆದ. ಆದರೆ ಇಬ್ಬರಲ್ಲಿ ಒಬ್ಬರ ಬಳಿಯೂ ಕ್ಷಮೆ ಕೇಳುವ ಧೈರ್ಯ ಅಂದು ನನಗಾಗಲಿಲ್ಲ. ಈ ಪೀಠದಿಂದ ಇಂದು ಕೇಳುತ್ತೇನೆ.

ಪ್ರಿಯರೇ, ಈ ತಪ್ಪೊಪ್ಪಿಗೆಯ ನಂತರ ಮೂರು ವಿಷಯಗಳನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲನೆಯದು, ಶಾಲೆಗಳನ್ನು ನಡೆಸುವ ನಮಗೆ. ಪೂರ್ತಿ ಸಂಬಳಕ್ಕೆ ಸಹಿ ಹಾಕಿಸಿಕೊಂಡು ಅರ್ಧ ಕೈಗಿಡುವ ಪದ್ಧತಿ ನಾಡಿನ ಖಾಸಗಿ ಶಾಲೆಗಳಲ್ಲಿ ಇಲ್ಲವೆನ್ನಲು ಯಾರಿಗೆ ಸಾಧ್ಯ? ಕೆಲಸಗಾರರ ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬನ ಪತ್ರ ಎಚ್ಚರಿಸುತ್ತದೆ. ಆ ಮೊರೆ ಏಳುವ ಕಟ್ಟಡದಲ್ಲಿ ನೀತಿಪಾಠದ ಅವಧಿ ಇಟ್ಟರೆ ಮಕ್ಕಳು ಯಾವುದನ್ನು ಕಲಿತಾರು? 2009ರ ಶಿಕ್ಷಣ ಹಕ್ಕು ಕಾಯಿದೆಯು ಡೊನೇಷನ್ ವಸೂಲಿಯನ್ನೂ, ಪ್ರವೇಶಕ್ಕಾಗಿ ಮಗುವನ್ನೂ ತಂದೆತಾಯಿಯನ್ನೂ ಪರೀಕ್ಷಿಸಿ ಆರಿಸುವುದನ್ನೂ ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಆ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂಬ ಪ್ರಶ್ನೆ 2025ರಲ್ಲಿ ಅದೇ ನ್ಯಾಯಾಲಯದಲ್ಲಿ ಎದ್ದಿತು. ನ್ಯಾಯಾಲಯ ಏನನ್ನೇ ಹೇಳಲಿ, ಕಾಯಿದೆ ನಮಗೆ ವಿನಾಯಿತಿ ಕೊಡಬಹುದು, ಶುಭಸಂದೇಶ ಕೊಡುವುದಿಲ್ಲ. ಬಡ ಮಗುವಿಗೆ ನಮ್ಮ ಗೇಟಿನಲ್ಲಿ ಜಾಗವಿಲ್ಲದಿದ್ದರೆ ಶಾಲೆಗೆ ಸಂತರ ಹೆಸರಿಟ್ಟು ಏನು ಪ್ರಯೋಜನ?

ಎರಡನೆಯದು, ತರಗತಿಯಲ್ಲಿ ನಿಲ್ಲುವ ನಿಮಗೆ. ಲಾ ಸಾಲ್ ಮತ್ತು ಅವರ ಸಹೋದರರು ಮಕ್ಕಳಿಗೆ ಅರ್ಥವಾಗದ ಲ್ಯಾಟಿನ್ ಭಾಷೆಯನ್ನು ಹಿಂದಕ್ಕಿಟ್ಟು, ಮನೆಯಲ್ಲಿ ಆಡುವ ಫ್ರೆಂಚಿನಲ್ಲಿ ಓದು ಆರಂಭಿಸಿದರು. ಶುಲ್ಕ ತೆಗೆದುಕೊಳ್ಳಲಿಲ್ಲ. ಮಕ್ಕಳಿಂದಾಗಲಿ ತಂದೆತಾಯಿಗಳಿಂದಾಗಲಿ ಉಡುಗೊರೆ ಪಡೆಯಕೂಡದೆಂದು ನಿಯಮ ಮಾಡಿಕೊಂಡರು. ಏಕೆ? ಇಂದು ಉಡುಗೊರೆ ಕೊಟ್ಟ ಮನೆಯ ಮಗು ನಾಳೆ ಮುಂದಿನ ಬೆಂಚಿಗೆ ಬರುತ್ತದೆ. ಈ ಕಾಲದಲ್ಲಿ ಉಡುಗೊರೆಯ ಜಾಗಕ್ಕೆ ಟ್ಯೂಷನ್ ಬಂದಿದೆ. ತರಗತಿಯಲ್ಲಿ ಅರ್ಧ ಹೇಳಿ, ಉಳಿದರ್ಧವನ್ನು ಸಂಜೆ ಮನೆಯ ಜಗಲಿಯಲ್ಲಿ ಮಾರುವುದು ಮಗುವಿಗೆ ಮಾಡುವ ಮೋಸ. ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸಬಾರದೆಂದು ಅದೇ ಕಾಯಿದೆ ಹೇಳುತ್ತದೆ.

ಸಹೋದರರು ಬರೆದಿಟ್ಟ ಶಾಲಾ ನಿರ್ವಹಣೆಯ ಕೈಪಿಡಿ 1720ರಲ್ಲಿ ಅಚ್ಚಾಯಿತು. ಮಕ್ಕಳು ಶಾಲೆಗೆ ಏಕೆ ಬರುತ್ತಿಲ್ಲ ಎಂದು ಅದು ಕಾರಣಗಳನ್ನು ಹುಡುಕುತ್ತದೆ: ಮಗುವಿನ ತಪ್ಪು, ತಂದೆತಾಯಿಯ ತಪ್ಪು, ಜೊತೆಗೆ ಶಿಕ್ಷಕನ ತಪ್ಪು. ಮೂರನೆಯದನ್ನು ನಾವು ಹಾಜರಿ ಪುಸ್ತಕದಲ್ಲಿ ಎಂದಾದರೂ ಬರೆದಿದ್ದೇವೆಯೇ? ಬೆತ್ತವಿಲ್ಲದ ಶಾಲೆಯನ್ನು ಆ ಕಾಲ ಕಂಡಿರಲಿಲ್ಲ. ಆ ಕೈಪಿಡಿಯೂ ಬೆತ್ತವನ್ನು ಪೂರ್ತಿ ಕೈಬಿಡಲಿಲ್ಲ. ಆದರೆ ಸಿಟ್ಟಿನ ಕೈ ಮಗುವಿನ ಮೇಲೆ ಏಳಕೂಡದು, ಶಿಕ್ಷೆ ಅಪರೂಪವಾಗಿರಬೇಕು ಎಂದು ಬೇಲಿ ಹಾಕಿತು. ನಮ್ಮ ಕಾಯಿದೆ ಇನ್ನೂ ಮುಂದೆ ಹೋಗಿ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಬೀರುವಿನೊಳಗೆ ಹೋಯಿತು ನಿಜ, ನಾಲಿಗೆ ಎಲ್ಲಿ ಹೋಯಿತು? "ನಿನ್ನಪ್ಪನ ಹಾಗೆ ನೀನೂ ಕೂಲಿಗೇ ಲಾಯಕ್ಕು" ಎಂಬ ಮಾತಿನ ಬಾಸುಂಡೆ ವಾರದಲ್ಲಿ ಮಾಯುವುದಿಲ್ಲ.

ಮೂರನೆಯದು, ಪರೀಕ್ಷೆಯ ಬಗ್ಗೆ. ಇದು ನಮ್ಮೆಲ್ಲರಿಗೂ, ತಂದೆತಾಯಿಗಳಿಗೂ ಸೇರಿದ್ದು. 2023ರಲ್ಲಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳನ್ನು ಕ್ಯಾಮರಾ ಮೂಲಕ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ 73.40ಕ್ಕೆ ಇಳಿಯಿತು. ಕಾರಣಗಳು ಹಲವು ಇರಬಹುದು. ಆದರೂ ಮನಸ್ಸಾಕ್ಷಿ ಒಂದು ಪ್ರಶ್ನೆ ಕೇಳುತ್ತದೆ: ಕ್ಯಾಮರಾ ಬರುವ ಮುಂಚೆ ಆ ಕೊಠಡಿಗಳಲ್ಲಿ ದೇವರ ಕಣ್ಣು ಇರಲಿಲ್ಲವೇ?

ಮಗುವಿಗೆ ಉತ್ತರ ಹೇಳಿಕೊಡುವ ಶಿಕ್ಷಕ ಕರುಣೆಯಿಂದ ಮಾಡಿದೆ ಎನ್ನುತ್ತಾನೆ. ಅದು ಕರುಣೆಯಲ್ಲ. ನಿನ್ನಿಂದ ಆಗದು, ಕದ್ದರೆ ಮಾತ್ರ ಗೆಲ್ಲುವೆ ಎಂದು ಆ ಮಗುವಿಗೆ ನಾವು ಕಲಿಸುವ ಕಡೆಯ ಪಾಠ ಅದು. ಮೂರು ವರ್ಷ ಸರಿಯಾಗಿ ಕಲಿಸದ ತಪ್ಪನ್ನು ಮೂರು ಗಂಟೆಯಲ್ಲಿ ಮುಚ್ಚಿಹಾಕುವ ಉಪಾಯವೂ ಹೌದು. ಅಲ್ಲಿ ನಡುವೆ ನಿಂತಿರುವುದು ಮಗುವಲ್ಲ, ಶಾಲೆಯ ಹೆಸರು. ನೂರಕ್ಕೆ ನೂರು ಬೇಕೆಂದು ಒಂಬತ್ತನೆಯ ತರಗತಿಯಲ್ಲೇ ಟಿ.ಸಿ. ಕೊಟ್ಟು ಕಳುಹಿಸಿದ ಮಕ್ಕಳ ಲೆಕ್ಕ ಬ್ಯಾನರಿನಲ್ಲಿ ಇರುವುದಿಲ್ಲ, ದೇವರ ಪುಸ್ತಕದಲ್ಲಿ ಇರುತ್ತದೆ. ಒಪ್ಪಿಸಲಾದ ಒಂದೊಂದು ಮಗುವಿನ ಲೆಕ್ಕವನ್ನೂ ದೇವರಿಗೆ ಕೊಡಬೇಕಾಗುತ್ತದೆ ಎಂದು ಲಾ ಸಾಲ್ ತಮ್ಮ ಸಹೋದರರಿಗೆ ಧ್ಯಾನಗಳಲ್ಲಿ ಮತ್ತೆ ಮತ್ತೆ ನೆನಪಿಸಿದರು. ತಂದೆತಾಯಿಗಳೇ, ಬೇರೆ ಮನೆಯ ಮಗುವಿನ ಅಂಕ ಹಿಡಿದು ನಿಮ್ಮ ಮಗುವನ್ನು ತೂಗುವಾಗ ನೀವೂ ಅದನ್ನು ಬಾಗಿಲಾಚೆ ನಿಲ್ಲಿಸುತ್ತೀರಿ.

ಇಷ್ಟೆಲ್ಲ ಹೇಳಿ ಶಿಕ್ಷಕರ ಮೇಲೆ ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ಬರುವವರು, ಶಾಲೆ ಬಿಟ್ಟ ಮಗುವಿನ ಮನೆಗೆ ಭಾನುವಾರ ಹೋಗಿ ಕರೆತರುವವರು, ತಮ್ಮ ಬುತ್ತಿಯಲ್ಲಿ ಪಾಲು ಕೊಡುವವರು ನಿಮ್ಮಲ್ಲಿ ಇದ್ದಾರೆ. ಆ ಕನ್ನಡ ಟೀಚರಂಥವರಿಂದಲೇ ನಮ್ಮ ಶಾಲೆಗಳು ಇನ್ನೂ ಕ್ರೈಸ್ತ ಶಾಲೆಗಳಾಗಿ ಉಳಿದಿವೆ.

ಯೇಸುಸ್ವಾಮಿಯನ್ನು ಶಿಷ್ಯರು ಗುರುವೇ ಎಂದು ಕರೆಯುತ್ತಿದ್ದರು. ಕಡೆಯ ಭೋಜನದಂದು ಆ ಗುರು ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ಗುರು ಎಂಬ ಪದಕ್ಕೆ ಅವರು ಕೊಟ್ಟ ಅರ್ಥ ಅದು. ಕಾಲು ತೊಳೆಯುವವನು ಬಾಗಲೇಬೇಕು. ಬಾಗಿದಾಗ ಮಗುವಿನ ಮುಖ ನಮ್ಮ ಮುಖಕ್ಕೆ ಸಮನಾಗಿ ಕಾಣುತ್ತದೆ.

ಇದು ಫಲಿತಾಂಶದ ತಿಂಗಳು. ಮಕ್ಕಳ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ನಮ್ಮ ಅಂಕಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳೋಣ. ಈ ವರ್ಷ ಯಾವ ಮಗುವನ್ನು ಹೊರಗೆ ನಿಲ್ಲಿಸಿದೆ? ಅದರ ಹೆಸರು ನೆನಪಿಗೆ ಬಂದರೆ, ಈ ಬಲಿಪೂಜೆಯ ಕಾಣಿಕೆಯೊಡನೆ ಆ ಹೆಸರನ್ನೂ ಪೀಠದ ಮೇಲೆ ಇಡೋಣ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಅದನ್ನು ಹೆಸರು ಹಿಡಿದು ಒಳಗೆ ಕರೆಯೋಣ.

ಮಗುವನ್ನು ನಡುವೆ ನಿಲ್ಲಿಸಿದ ಪ್ರಭುವೇ, ಕಲಿಸುವವರಿಗೆ ನಿಮ್ಮ ತಾಳ್ಮೆಯನ್ನೂ, ಶಾಲೆ ನಡೆಸುವವರಿಗೆ ನಿಮ್ಮ ನ್ಯಾಯವನ್ನೂ, ಹೆತ್ತವರಿಗೆ ನಿಮ್ಮ ಪ್ರೀತಿಯನ್ನೂ ಅನುಗ್ರಹಿಸಿ. ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರೇ, ನಮಗಾಗಿ ಪ್ರಾರ್ಥಿಸಿ. ಆಮೆನ್.